ಗೋವಾ ವಿಮೋಚನೆಯನ್ನು ಆಫ್ರಿಕದ ಜೊತೆಗಿಟ್ಟು ನೋಡಬೇಕು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಡಿಸೆಂಬರ್ 19 ಹತ್ತಿರವಾದಾಗ ನಮ್ಮ ಪತ್ರಿಕೆಗಳಲ್ಲಿ ಗೋವಾ ವಿಮೋಚನೆಯ ಲೇಖನಗಳು ಬರುತ್ತವೆ. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ನಿಷೇಧ ಮುರಿದು ಮಾತನಾಡಿದ್ದು, 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳು ಗುಂಡಿಗೆ ಬಲಿಯಾದದ್ದು, 1961ರಲ್ಲಿ ನಮ್ಮ ಸೇನೆ ಎರಡು ದಿನಗಳಲ್ಲಿ ಕಾರ್ಯ ಮುಗಿಸಿದ್ದು ಎಲ್ಲವೂ ಅವುಗಳಲ್ಲಿರುತ್ತವೆ. ಕಾರವಾರದವರಾದ ನಮಗೆ ಇದು ದೂರದ ಕಥೆಯಲ್ಲ. ನಮ್ಮ ಕಡಲತೀರದ ಕಣ್ಣಳತೆಯಲ್ಲೇ ಇರುವ ಅಂಜುದೀವ್ ದ್ವೀಪದಲ್ಲಿ ಅಂದಿನವರೆಗೂ ಪೋರ್ಚುಗೀಸ್ ಧ್ವಜ ಹಾರುತ್ತಿತ್ತು. ಅದನ್ನು ಇಳಿಸುವ ಕಾರ್ಯಾಚರಣೆಯಲ್ಲಿ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಆದರೆ ಈ ಲೇಖನಗಳೆಲ್ಲ ಗೋವಾದ ಗಡಿಯಲ್ಲೇ ನಿಂತುಬಿಡುತ್ತವೆ ಎಂಬುದು ನನ್ನ ಕೊರಗು.

ಬ್ರಿಟಿಷರು 1947ರಲ್ಲಿ ಹೊರಟರು, ಫ್ರೆಂಚರು 1954ರಲ್ಲಿ ಪುದುಚೇರಿಯ ಆಡಳಿತವನ್ನು ಒಪ್ಪಿಸಿದರು. ಪೋರ್ಚುಗಲ್ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಸರ್ವಾಧಿಕಾರಿ ಸಾಲಜಾರ್ 1951ರಲ್ಲಿ ಸಂವಿಧಾನವನ್ನೇ ತಿದ್ದಿಸಿ ವಸಾಹತುಗಳಿಗೆ ‘ಸಾಗರೋತ್ತರ ಪ್ರಾಂತ್ಯಗಳು’ ಎಂಬ ಹೆಸರಿಟ್ಟರು. ತಮ್ಮಲ್ಲಿ ವಸಾಹತುಗಳೇ ಇಲ್ಲವಾದ್ದರಿಂದ ಬಿಟ್ಟುಕೊಡುವ ಪ್ರಶ್ನೆಯೂ ಇಲ್ಲ ಎಂದು ವಿಶ್ವಸಂಸ್ಥೆಯಲ್ಲಿ ವಾದಿಸಿದರು. ಈ ಹಟಕ್ಕೆ ಪೋರ್ಚುಗಲ್ಲಿನ ಬಡತನವೂ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ಬ್ರಿಟನ್ ಮತ್ತು ಫ್ರಾನ್ಸ್ ಧ್ವಜ ಇಳಿಸಿದ ಮೇಲೂ ಬಂಡವಾಳ ಮತ್ತು ವ್ಯಾಪಾರದ ಬಲದಿಂದ ಹಳೆಯ ನಾಡುಗಳಲ್ಲಿ ಹಿಡಿತ ಉಳಿಸಿಕೊಳ್ಳಬಲ್ಲವಾಗಿದ್ದವು. ಪೋರ್ಚುಗಲ್ಲಿಗೆ ಆ ಶಕ್ತಿ ಇರಲಿಲ್ಲವಾದ್ದರಿಂದ, ಬಿಟ್ಟರೆ ಎಲ್ಲವನ್ನೂ ಕಳೆದುಕೊಂಡಂತೆಯೇ ಆಗುತ್ತಿತ್ತು.

1961 ಆ ಸಾಮ್ರಾಜ್ಯದ ಪಾಲಿಗೆ ಕೇಡಿನ ವರ್ಷ. ಫೆಬ್ರುವರಿಯಲ್ಲಿ ಅಂಗೋಲಾದ ಲುವಾಂಡಾದಲ್ಲಿ ದಂಗೆ ಎದ್ದಿತು. ಏಪ್ರಿಲ್‌ನಲ್ಲಿ ಪೋರ್ಚುಗೀಸ್ ವಸಾಹತುಗಳ ರಾಷ್ಟ್ರೀಯವಾದಿ ಸಂಘಟನೆಗಳು ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡಾಗ ಆಫ್ರಿಕನ್ನರ ಜೊತೆಗೆ ಗೋವನ್ನರೂ ಅದರಲ್ಲಿದ್ದರು. ಅವರಲ್ಲೊಬ್ಬರಾದ, ಗೋವಾದಲ್ಲಿ ಹುಟ್ಟಿದ ಅಕ್ವಿನೊ ದ ಬ್ರಗಾನ್ಸಾ ಮುಂದೆ ಮೊಜಾಂಬಿಕ್‌ನ ಮೊದಲ ಅಧ್ಯಕ್ಷ ಸಮೋರಾ ಮಾಶೆಲ್ ಅವರ ಆಪ್ತ ಸಲಹೆಗಾರರಾಗಿ, 1986ರ ವಿಮಾನ ದುರಂತದಲ್ಲಿ ಅವರೊಂದಿಗೇ ಮಡಿದರು. ಇಂಥವರ ಹೆಸರು ನಮ್ಮ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. 1961ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನಡೆದ ವಿಚಾರಗೋಷ್ಠಿಗೆ ಬಂದ ಆಫ್ರಿಕದ ನಾಯಕರು, ಗೋವಾದ ವಿಷಯದಲ್ಲಿ ಭಾರತ ಇನ್ನು ತಡಮಾಡಬಾರದೆಂದು ಒತ್ತಾಯಿಸಿದ್ದರು.

ಡಿಸೆಂಬರ್‌ನಲ್ಲಿ ಸಾಲಜಾರ್ ಗೋವಾಕ್ಕೆ ಕಳಿಸಿದ ಆಜ್ಞೆ, ಗೆಲ್ಲಬೇಕು ಇಲ್ಲವೇ ಸಾಯಬೇಕು ಎಂಬುದಾಗಿತ್ತು. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಅದನ್ನು ಪಾಲಿಸದೆ ಶರಣಾದರು. ಊರಿಗೆ ಮರಳಿದ ಅವರನ್ನು ಸೇನೆಯಿಂದಲೇ ಹೊರಹಾಕಲಾಯಿತು. ಸೋತ ಪಕ್ಷದವರಾದರೂ, ಸಾವಿರಾರು ಜೀವಗಳನ್ನು ಉಳಿಸಿದ ಆ ನಿರ್ಧಾರಕ್ಕಾಗಿ ಅವರನ್ನು ಗೌರವದಿಂದ ನೆನೆಯಬೇಕೆಂದು ನನಗನ್ನಿಸುತ್ತದೆ.

ಆಫ್ರಿಕದಲ್ಲಿ ಅಷ್ಟು ಬೇಗ ಮುಗಿಯಲಿಲ್ಲ. 1963ರಲ್ಲಿ ಪೋರ್ಚುಗೀಸ್ ಗಿನಿಯಲ್ಲಿ (ಇಂದಿನ ಗಿನಿ-ಬಿಸಾವ್), 1964ರಲ್ಲಿ ಮೊಜಾಂಬಿಕ್‌ನಲ್ಲಿ ಸಶಸ್ತ್ರ ಹೋರಾಟ ಆರಂಭವಾಯಿತು. ಗಿನಿಯ ನಾಯಕ ಅಮಿಲ್ಕಾರ್ ಕಬ್ರಾಲ್ 1973ರಲ್ಲಿ ಹತ್ಯೆಯಾದರು. ಹದಿಮೂರು ವರ್ಷ ಮೂರು ರಣರಂಗಗಳಲ್ಲಿ ಹೋರಾಡಿ ಬೇಸತ್ತ ಪೋರ್ಚುಗಲ್ಲಿನ ಕಿರಿಯ ಸೇನಾಧಿಕಾರಿಗಳೇ 1974ರ ಏಪ್ರಿಲ್ 25ರಂದು ಲಿಸ್ಬನ್‌ನಲ್ಲಿ ತಮ್ಮ ಸರ್ಕಾರವನ್ನು ಉರುಳಿಸಿದರು. ವಸಾಹತುಗಳ ಜನ ಸ್ವಾತಂತ್ರ್ಯಕ್ಕಾಗಿ ನಡೆಸಿದ ಹೋರಾಟ ಆಳುವ ನಾಡಿನವರನ್ನೂ ಸರ್ವಾಧಿಕಾರದಿಂದ ಬಿಡಿಸಿತು. 1975ರ ಜೂನ್‌ನಲ್ಲಿ ಮೊಜಾಂಬಿಕ್, ನವೆಂಬರ್‌ನಲ್ಲಿ ಅಂಗೋಲಾ ಸ್ವತಂತ್ರವಾದವು, ಆದರೆ ಎರಡೂ ದೇಶಗಳು ದೀರ್ಘ ಅಂತರ್ಯುದ್ಧಕ್ಕೆ ಬಿದ್ದವು. ಗೋವಾ ಭಾರತದ ಭಾಗವೆಂದು ಪೋರ್ಚುಗಲ್ ಒಪ್ಪಂದಕ್ಕೆ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು, ಅಂದರೆ ಲಿಸ್ಬನ್ನಿನ ಕ್ರಾಂತಿಯ ನಂತರವೇ.

ಮುಂದಿನ ಡಿಸೆಂಬರ್‌ನಲ್ಲಿ ತಮ್ಮ ಪತ್ರಿಕೆ ಗೋವಾದ ಪುಟವನ್ನು ಸಿದ್ಧಪಡಿಸುವಾಗ ಲುವಾಂಡಾ, ಬಿಸಾವ್ ಮತ್ತು ಲಿಸ್ಬನ್‌ಗಳಿಗೂ ಅದರಲ್ಲಿ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಕಾರವಾರ