ಊರಿನೋರೇ ಉಳಿಸ್ಕೊಂಡ ಟೀಮು

ಅಪ್ಪಾಜಿಗೆ, ಅಮ್ಮಂಗೆ ನಮಸ್ಕಾರ,

ಎಲ್ಲರೂ ಚೆನ್ನಾಗಿದೀರ ಅನ್ಕೊಂಡಿದೀನಿ, ನಾವಿಲ್ಲಿ ಆರಾಮ. ಅಪ್ಪಾಜಿ, ಹೋದ ವಾರ ನೀವು "ಅದ್ಯಾವ ಬೇಸ್‌ಬಾಲ್ ಟೀಮು, ಟೀವೀಲಿ ಎಲ್ಲೂ ಹೆಸರೇ ಕೇಳಿಲ್ವಲ್ಲ, ಅದಕ್ಯಾಕೆ ಇಷ್ಟೊಂದು ಓಡಾಡ್ತೀಯ" ಅಂತ ಕೇಳಿದ್ರಲ್ಲ, ಅದು ಫೋನಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ, ಅದಕ್ಕೇ ಕೂತ್ಕೊಂಡು ಬರೀತಿದೀನಿ.

ಇಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರೋ ನಮ್ಮ ರಾಚೆಸ್ಟರ್ ಊರಿನ ಟೀಮಿನ ಹೆಸರು ರೆಡ್ ವಿಂಗ್ಸ್. ಇದು ಮೈನರ್ ಲೀಗು, ಅದರಲ್ಲೇ ಮೇಲಿನ ಮೆಟ್ಟಿಲು, ಟ್ರಿಪಲ್-ಎ ಅಂತಾರೆ, ಇದರ ಮೇಲೆ ಮೇಜರ್ ಲೀಗ್ ಒಂದೇ ಇರೋದು. ನಿಮಗೆ ರಣಜಿ ಅಂದ್ರೆ ಬೇಗ ಗೊತ್ತಾಗುತ್ತೆ, ಇಲ್ಲಿ ಚೆನ್ನಾಗಿ ಆಡ್ದೋರು ಮೇಲಕ್ಕೆ ಹೋಗ್ತಾರೆ. ಆದ್ರೆ ರಣಜೀಲಿ ಕರ್ನಾಟಕದ ಟೀಮನ್ನ ಕರ್ನಾಟಕದೋರೇ ಆರಿಸ್ತಾರೆ, ಇಲ್ಲಿ ಹಂಗಲ್ಲ. ಆಟಗಾರರು ಯಾರು, ಕೋಚ್ ಯಾರು, ಯಾರು ಆಡ್ಬೇಕು ಯಾರು ಕೂರ್ಬೇಕು, ಅವರ ಸಂಬಳ, ಎಲ್ಲಾ ವಾಷಿಂಗ್ಟನ್ ನ್ಯಾಷನಲ್ಸ್ ಅನ್ನೋ ದೊಡ್ಡ ಟೀಮಿನ ಕೈಲಿ. ನಮ್ಮೂರಿನ ಕೈಲಿರೋದು ಹೆಸರು, ಟಿಕೆಟ್ಟು, ಮ್ಯಾಚ್ ನಡೆಸೋ ಕೆಲಸ, ಮತ್ತೆ ನೋಡೋಕೆ ಬರೋ ಜನ. 2024ರಲ್ಲಿ ಜೇಮ್ಸ್ ವುಡ್ ಅಂತ ಒಬ್ಬ ಹುಡುಗ, ಆಳು ಎತ್ತರ ಅಂದ್ರೆ ಎತ್ತರ, ಅವನು ಹೊಡೆದ್ರೆ ಬಾಲ್ ಎಲ್ಲಿ ಬೀಳುತ್ತೋ ಅಂತ ಜನ ಎದ್ದು ನಿಲ್ತಿದ್ರು, ಜುಲೈ ಒಂದನೇ ತಾರೀಖು ವಾಷಿಂಗ್ಟನ್‌ನೋರು ಕರ್ಕೊಂಡೇ ಬಿಟ್ರು, ಆಗಸ್ಟ್ ಕೊನೇಲಿ ಡಿಲನ್ ಕ್ರೂಸ್ ಅನ್ನೋ ಇನ್ನೊಬ್ಬ ಹುಡುಗನ್ನೂ ಕರ್ಕೊಂಡ್ರು. ಬೇಜಾರಾಗಲ್ವ ಅಂತ ಕೇಳಿದ್ರೆ ಇಲ್ಲಿಯೋರು ಹೋಗ್ಲಿ ಬಿಡಿ ಅವನ ಜೀವನ ಚೆನ್ನಾಗಾಗ್ಲಿ ಅಂತಾರೆ, ಆಮೇಲೆ ಅವನು ಅಲ್ಲಿ ಆಡೋದನ್ನ ಟೀವೀಲಿ ಹುಡುಕ್ಕೊಂಡು ನೋಡ್ತಾರೆ. ಗೆಲ್ಲಿಸೋ ಹುಡುಗ್ರು ನಿಲ್ಲಲ್ಲ ಅಂತ ಗೊತ್ತಿದ್ದೂ ಬರ್ತಾರಲ್ಲ, ಆ ಪ್ರೀತಿ ನನಗೆ ತುಂಬಾ ದೊಡ್ಡದು ಅನ್ಸುತ್ತೆ.

ಈ ಹುಡುಗ್ರ ಸಂಬಳ ಕೇಳಿದ್ರೆ ಅಮ್ಮಂಗೆ ನಂಬಿಕೆ ಬರಲ್ಲ. ಟ್ರಿಪಲ್-ಎ ಆಟಗಾರಂಗೆ ಕನಿಷ್ಠ ಸಂಬಳ ವರ್ಷಕ್ಕೆ 17,500 ಡಾಲರ್ ಇತ್ತು, ಈ ದೇಶದಲ್ಲಿ ಅದು ಮನೆ ಬಾಡಿಗೆಗೇ ಸಾಕಾಗಲ್ಲ. 2022ರಲ್ಲಿ ಮೈನರ್ ಲೀಗ್ ಆಟಗಾರರೆಲ್ಲ ಯೂನಿಯನ್ ಸೇರಿದ್ರು, 2023ರಿಂದ ಅದು 35,800 ಆಯ್ತು. ಅದೇ ವರ್ಷ ಮೇಜರ್ ಲೀಗಲ್ಲಿ ಕನಿಷ್ಠ ಎಷ್ಟು ಗೊತ್ತಾ, 7 ಲಕ್ಷದ 20 ಸಾವಿರ ಡಾಲರ್. ಒಂದೇ ಒಂದು ಮೆಟ್ಟಿಲ ವ್ಯತ್ಯಾಸಕ್ಕೆ ಇಷ್ಟು. ನನ್ನ ಕೇಳಿದ್ರೆ ನಮ್ಮ ಟ್ರಿಪಲ್-ಎ ಹುಡುಗ್ರ ಸಂಬಳ ಈಗಲೂ ಕಮ್ಮೀನೇ.

ನಾನು ಹೇಳ್ಬೇಕು ಅಂತಿದ್ದ ಮುಖ್ಯ ವಿಷಯ ಬೇರೆ. ಈ ಟೀಮು ಯಾವ ಶ್ರೀಮಂತನದ್ದೂ ಅಲ್ಲ ಅಪ್ಪಾಜಿ, ಊರಿನ ಜನರದ್ದೇ. ರಾಚೆಸ್ಟರಲ್ಲಿ 1899ರಿಂದ ಟೀಮಿದೆ, ರೆಡ್ ವಿಂಗ್ಸ್ ಅನ್ನೋ ಹೆಸರು 1928ರಿಂದ. ಆಗ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅನ್ನೋ ಮೇಜರ್ ಲೀಗ್ ಟೀಮಿನೋರು ಇದರ ಮಾಲೀಕರು. 1956ರ ಕೊನೇಲಿ ಅವರಿಗೆ ಇದು ಬೇಡ ಅನ್ಸಿತು, ಟೀಮೂ ಸ್ಟೇಡಿಯಮ್ಮೂ ಎರಡನ್ನೂ ಕೈಬಿಡ್ತೀವಿ ಅಂದ್ರು. ಯಾರೂ ತಗೊಳ್ದೇ ಇದ್ರೆ ಊರಿಗೆ ಟೀಮೇ ಇರ್ತಿರಲಿಲ್ಲ. ಆಗ ಮಾರಿ ಸಿಲ್ವರ್ ಅಂತ ಇಲ್ಲಿನ ವ್ಯಾಪಾರಿ ಒಬ್ರು ಮುಂದೆ ನಿಂತು, ಹತ್ತು ಡಾಲರಿಗೆ ಒಂದು ಶೇರು ಅಂತ ಊರೆಲ್ಲಾ ಮಾರಿ, 1957ರ ಹೊತ್ತಿಗೆ 8,222 ಜನ ಸೇರ್ಕೊಂಡು ಟೀಮನ್ನ ಕೊಂಡ್ಕೊಂಡೇ ಬಿಟ್ರು. ಇವತ್ತಿಗೂ ಹಂಗೇ ಇದೆ. ಹಳೇ ಸ್ಟೇಡಿಯಮ್ಮಿಗೆ 1968ರಲ್ಲಿ ಆ ಸಿಲ್ವರ್ ಅವರ ಹೆಸರೇ ಇಟ್ರು, ಈಗಿನ ಸ್ಟೇಡಿಯಮ್ಮಿನ ರಸ್ತೇಗೂ ಅವರದ್ದೇ ಹೆಸರು.

ನಮ್ಮ ಪಕ್ಕದ ಮನೆ ಅಜ್ಜಿ ಬಗ್ಗೆ ಅಮ್ಮಂಗೆ ಹೇಳಿದ್ನಲ್ಲ, ಚಳೀಗೆ ಸ್ವೆಟರ್ ಹೆಣೆದು ಕೊಟ್ಟೋರು. ಅವರಪ್ಪ ಕೊಡಾಕ್ ಕಂಪನೀಲಿ ಕೆಲಸದಲ್ಲಿದ್ರು, ಆಗ ಅವರೂ ಶೇರು ತಗೊಂಡಿದ್ರಂತೆ. ಆ ಕಾಗದ ಈಗ್ಲೂ ಅಜ್ಜಿ ಮನೆ ಹಾಲಲ್ಲಿ ಫ್ರೇಮ್ ಹಾಕ್ಸಿ ನೇತು ಹಾಕಿದಾರೆ, ಅಂಚು ಹಳದಿಯಾಗಿದೆ, ಮಡಚಿದ್ದ ಗೆರೆ ಹಂಗೇ ಕಾಣುತ್ತೆ. ನನ್ನ ಮೊದಲು ಮ್ಯಾಚಿಗೆ ಕರ್ಕೊಂಡು ಹೋಗಿದ್ದೂ ಅವರೇ. ಮಂಡಿ ನೋವಿದ್ರೂ ಬಿಡಲ್ಲ, ತೊಡೆ ಮೇಲೆ ಒಂದು ಸ್ಕೋರ್ ಪುಸ್ತಕ, ಕೈಲಿ ಪೆನ್ಸಿಲ್. ಒಬ್ಬೊಬ್ಬ ಬ್ಯಾಟರ್‌ಗೂ ಒಂದೊಂದು ಸಣ್ಣ ಚೌಕ, ಫೀಲ್ಡರ್‌ಗೆಲ್ಲ ಒಂದೊಂದು ನಂಬರು, ಬಾಲ್ ಎಸೆಯೋ ಪಿಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯೋ ಕ್ಯಾಚರ್ 2, ಹಿಂಗೆ. 6-4-3 ಅಂತ ಬರೆದ್ರೆ ಸೆಕೆಂಡ್ ಬೇಸಿಗೂ ಥರ್ಡ್ ಬೇಸಿಗೂ ಮಧ್ಯೆ ನಿಲ್ಲೋ ಶಾರ್ಟ್‌ಸ್ಟಾಪ್ ಬಾಲ್ ಹಿಡಿದು ಸೆಕೆಂಡ್ ಬೇಸಿಗೆ ಎಸೆದು ಅಲ್ಲಿಂದ ಫಸ್ಟ್ ಬೇಸಿಗೆ ಹೋಗಿ ಒಂದೇ ಹೊಡೆತಕ್ಕೆ ಇಬ್ರು ಔಟು ಅಂತ. ಹೊಡೀಬೇಕಿದ್ದ ಬಾಲನ್ನ ಬಿಟ್ರೆ, ಇಲ್ಲಾ ಬೀಸಿದ್ದು ತಗಲ್ದೇ ಹೋದ್ರೆ ಅದು ಸ್ಟ್ರೈಕು, ಮೂರಾದ್ರೆ ಔಟು. ಬೀಸಿದ್ದು ಬಾಲಿಗೆ ತಗಲ್ದೆ ಮೂರನೇ ಸ್ಟ್ರೈಕಿಗೆ ಔಟಾದ್ರೆ ಇಂಗ್ಲಿಷಿನ ಕೆ ಅಕ್ಷರ, ಬ್ಯಾಟೇ ಬೀಸ್ದೆ ನೋಡ್ಕೊಂಡು ನಿಂತು ಔಟಾದ್ರೆ ಅದೇ ಅಕ್ಷರ ಉಲ್ಟಾ. ನೀವು ರೇಡಿಯೋ ಕಾಮೆಂಟ್ರಿ ಕೇಳ್ತಾ ಡೈರೀಲಿ ಸ್ಕೋರ್ ಬರ್ಕೊತಿದ್ರಲ್ಲ, ಅಜ್ಜಿ ಬರೆಯೋದು ನೋಡಿದಾಗೆಲ್ಲ ನಿಮ್ಮ ನೆನಪೇ.

ಅಜ್ಜಿ ಬಾಯಲ್ಲಿ 1981ರ ಒಂದು ಮ್ಯಾಚಿನ ಕಥೆ ಕೇಳ್ಬೇಕು. ರೋಡ್ ಐಲೆಂಡ್‌ನ ಪಾಟಕೆಟ್ ಅನ್ನೋ ಊರಲ್ಲಿ ಅಲ್ಲಿಯ ಟೀಮಿಗೂ ರೆಡ್ ವಿಂಗ್ಸಿಗೂ ಏಪ್ರಿಲ್ 18ರ ಸಂಜೆ ಶುರುವಾಯ್ತು. ಒಂಬತ್ತು ಇನ್ನಿಂಗ್ಸಿಗೆ ಮುಗೀಬೇಕು, ಸಮ ಆದ್ರೆ ಇನ್ನೊಂದು ಇನ್ನಿಂಗ್ಸು, ಮತ್ತೊಂದು, ಹಿಂಗೇ ಎಳ್ಕೊಂಡು ಹೋಗಿ ಬೆಳಗಿನ ಜಾವ ನಾಲ್ಕು ಗಂಟೆ ಆದ್ರೂ 2-2. ಕೊರೆಯೋ ಚಳಿ, ಆಟಗಾರರು ಮುರಿದಿರೋ ಬ್ಯಾಟಿಗೇ ಬೆಂಕಿ ಹಾಕಿ ಮೈ ಕಾಯಿಸ್ಕೊಂಡ್ರಂತೆ. 32 ಇನ್ನಿಂಗ್ಸ್ ಆದ್ಮೇಲೆ 4:07ಕ್ಕೆ ನಿಲ್ಲಿಸಿದಾಗ ಸ್ಟೇಡಿಯಮ್ಮಲ್ಲಿ ಉಳಿದಿದ್ದೋರು 19 ಜನ. ಆ 19 ಜನಕ್ಕೂ ಸೀಸನ್ ಪಾಸ್ ಕೊಟ್ರು. ಜೂನ್ 23ಕ್ಕೆ ಮತ್ತೆ ಮುಂದುವರಿಸಿದ್ರೆ 18 ನಿಮಿಷದಲ್ಲಿ ಮುಗೀತು, ಪಾಟಕೆಟ್ 3-2ಕ್ಕೆ ಗೆಲ್ತು. ಒಟ್ಟು 8 ಗಂಟೆ 25 ನಿಮಿಷ, ಪ್ರೊಫೆಷನಲ್ ಬೇಸ್‌ಬಾಲಲ್ಲಿ ಇದಕ್ಕಿಂತ ಉದ್ದದ ಮ್ಯಾಚ್ ಇನ್ನೂ ಆಗಿಲ್ಲ. ಆವತ್ತು ನಮ್ಮ ಕಡೆ ಆಡ್ತಿದ್ದ ಕಾಲ್ ರಿಪ್ಕನ್ ಆಮೇಲೆ ಮೇಜರ್ ಲೀಗಲ್ಲಿ ಒಂದೂ ಬಿಡದೆ ಸತತ 2,632 ಮ್ಯಾಚ್ ಆಡಿದ್ರು.

ಆದ್ರೆ ಆ ಪಾಟಕೆಟ್ ಟೀಮು ಈಗ ಪಾಟಕೆಟ್ಟಲ್ಲೇ ಇಲ್ಲ. 2021ರಿಂದ ಮ್ಯಾಸಚೂಸೆಟ್ಸ್‌ನ ವುಸ್ಟರ್‌ಗೆ ಹೋಯ್ತು. ಅದೇ ಹೊತ್ತಲ್ಲಿ ಮೇಜರ್ ಲೀಗ್‌ನೋರು ಮೈನರ್ ಲೀಗನ್ನೆಲ್ಲ ತಮ್ಮ ಕೈಗೇ ತಗೊಂಡು 160 ಟೀಮಿದ್ದಿದ್ದನ್ನ 120ಕ್ಕೆ ಇಳಿಸಿದ್ರು. ನಮ್ಮೂರಿಂದ ಕಾರಲ್ಲಿ ಮುಕ್ಕಾಲು ಗಂಟೆ ದೂರದ ಬಟೇವಿಯಾ ಅಂತ ಸಣ್ಣ ಊರು, ಅಲ್ಲಿಯ ಮಕ್‌ಡಾಗ್ಸ್ ಟೀಮೂ ಆ ಪಟ್ಟೀಲಿ ಹೋಯ್ತು. ಅಲ್ಲಿಯ ಜನ ಸುಮ್ನೆ ಬಿಡ್ಲಿಲ್ಲ, ಈಗ ಅದೇ ಹೆಸರಲ್ಲಿ ಬೇಸಿಗೇಲಿ ಕಾಲೇಜು ಹುಡುಗ್ರು ಆಡ್ತಾರೆ, ಸಂಬಳ ಇಲ್ಲ ಏನಿಲ್ಲ, ಆದ್ರೂ ಊರೋರು ಬಂದು ಕೂರ್ತಾರೆ. ಲೆಕ್ಕ ಹಾಕೋರಿಗೆ ಸಣ್ಣ ಊರು ನಷ್ಟದ ಬಾಬ್ತು ಆಗಿರಬಹುದು, ಆದ್ರೆ ಸಾಯಂಕಾಲ ಮಕ್ಕಳನ್ನ ಕರ್ಕೊಂಡು ನಾಲ್ಕು ಜನರ ಜೊತೆ ಕೂತ್ಕೊಳ್ಳೋಕೆ ಇದ್ದ ಒಂದು ಜಾಗಾನ ಹಿಂಗೆ ಕಿತ್ಕೊಂಡಿದ್ದು ತಪ್ಪು, ನನಗಂತೂ ಅದು ಸರಿ ಅನ್ಸೋದೇ ಇಲ್ಲ.

ರಾಚೆಸ್ಟರಿಗೆ ಇದು ಯಾಕೆ ಮುಖ್ಯ ಅಂದ್ರೆ ಈ ಊರು ಕಳ್ಕೊಂಡಿರೋದು ಬಹಳ ಇದೆ. ಸ್ಟೇಡಿಯಮ್ಮಲ್ಲಿ ಕೂತ್ರೆ ಕೊಡಾಕ್ ಟವರ್ ಹತ್ರಾನೇ ಕಾಣುತ್ತೆ. 1982ರಲ್ಲಿ ಕೊಡಾಕ್‌ನಲ್ಲಿ ಈ ಊರೊಂದರಲ್ಲೇ 60 ಸಾವಿರಕ್ಕೂ ಜಾಸ್ತಿ ಜನ ಕೆಲಸ ಮಾಡ್ತಿದ್ರು, ನಮ್ಮ ಮನೆ ಆಲ್ಬಮ್ಮಿನ ಹಳೇ ಫೋಟೋಗಳ ಹಿಂದೆ ಕೊಡಾಕ್ ಅಂತ ಇದೆಯಲ್ಲ, ಅದೇ ಕಂಪನಿ. 2012ರಲ್ಲಿ ದಿವಾಳಿ ಅರ್ಜಿ ಹಾಕ್ತು. ಜೆರಾಕ್ಸ್ ಶುರುವಾಗಿದ್ದೂ ಇದೇ ಊರಲ್ಲಿ, ಹೆಡ್ ಆಫೀಸು 1969ರಲ್ಲೇ ಬೇರೆ ಕಡೆ ಹೋಯ್ತು. ಮ್ಯಾಚಿಗೆ ಬರೋ ವಯಸ್ಸಾದೋರನ್ನ ಮಾತಾಡ್ಸಿದ್ರೆ ನಾನು ಕೊಡಾಕು, ನಮ್ಮೆಜಮಾನ್ರು ಜೆರಾಕ್ಸು ಅಂತ ಹೇಳೋರೇ ಜಾಸ್ತಿ. ಅಷ್ಟು ದೊಡ್ಡ ಕಂಪನಿಗಳ ಕಥೆ ಹಿಂಗಾಯ್ತು, ಹತ್ತತ್ತು ಡಾಲರ್ ಹಾಕಿ ಉಳಿಸ್ಕೊಂಡ ಟೀಮು ಮಾತ್ರ ಇಲ್ಲೇ ಇದೆ.

ನೀವು ಬಂದಾಗ ನಿಮಗೆ ಖುಷಿಯಾಗೋ ವಿಷಯ ಇನ್ನೊಂದಿದೆ. ಇಲ್ಲೂ ಕ್ರಿಕೆಟ್ಟಿನ ಡಿಆರ್‌ಎಸ್ ಥರ ಬಂದಿದೆ, ಸ್ಟ್ರೈಕೋ ಅಲ್ವೋ ಅಂತ ಅಂಪೈರ್ ಹೇಳಿದ್ದು ಸರಿಯಿಲ್ಲ ಅನ್ಸಿದ್ರೆ ಬ್ಯಾಟರ್ ತಕ್ಷಣ ಹೆಲ್ಮೆಟ್ ತಟ್ತಾನೆ, ದೊಡ್ಡ ಸ್ಕ್ರೀನಲ್ಲಿ ಬಾಲ್ ಎಲ್ಲಿ ಹೋಯ್ತು ಅಂತ ತೋರ್ಸ್ತಾರೆ, ಜನ ಎಲ್ಲಾ ಓ ಅಂತಾರೆ. ಇಂಥಾ ಪ್ರಯೋಗ ಎಲ್ಲಾ ಮೈನರ್ ಲೀಗಲ್ಲೇ ಮೊದಲು ಮಾಡೋದು. ಅಮ್ಮ, ನೀನು ತಿನ್ನೋಕೆ ಏನ್ ಸಿಗುತ್ತೆ ಅಂತ ಕೇಳ್ತೀಯ ಅಂತ ಗೊತ್ತು. ಇಲ್ಲಿನ ಫೇಮಸ್ ಊಟ ಗಾರ್ಬೇಜ್ ಪ್ಲೇಟ್ ಅಂತ, ಹುರಿದ ಆಲೂಗೆಡ್ಡೆ, ಮ್ಯಾಕರೋನಿ ಸಲಾಡು, ಅದರ ಮೇಲೆ ಮಾಂಸ, ಸಾಸು, ಈರುಳ್ಳಿ, ಎಲ್ಲಾ ಒಂದೇ ತಟ್ಟೇಲಿ. ಕೆಲವು ದಿನ ಟೀಮೇ ಹೆಸರು ಬದಲಾಯಿಸ್ಕೊಂಡು ಪ್ಲೇಟ್ಸ್ ಅಂತ ಆಡುತ್ತೆ, ಊರಿನ ಊಟದ ಮೇಲೆ ಅಷ್ಟು ಅಭಿಮಾನ. ನಮಗಾಗಲ್ಲ ಅದು, ನಾವು ಮನೇಲೇ ಚಿತ್ರಾನ್ನ ತಿಂದ್ಕೊಂಡು ಹೋಗೋಣ.

ಸೀಸನ್ನು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಆದ್ರೆ ಏಪ್ರಿಲಲ್ಲಿ ಇಲ್ಲಿ ಇನ್ನೂ ಹಿಮ ಬೀಳೋದುಂಟು, ಅಮ್ಮಂಗೆ ಆ ಚಳಿ ಬೇಡ. ಜುಲೈ ಆಗಸ್ಟ್ ಒಳ್ಳೇದು. ವೀಸಾ ಇಂಟರ್‌ವ್ಯೂ ಡೇಟ್ ಸಿಕ್ಕಿದ ತಕ್ಷಣ ವಾಟ್ಸಾಪ್ ಮಾಡಿ, ಟಿಕೆಟ್ ನಾನು ನೋಡ್ತೀನಿ. ಸೋಮವಾರ ಬಿಟ್ಟು ಯಾವ ದಿನ ಬಂದಿಳಿದ್ರೂ ಆ ವಾರ ಟೀಮು ಊರಲ್ಲಿದ್ರೆ ಮ್ಯಾಚ್ ಇರುತ್ತೆ. ಅಜ್ಜಿ ಈಗಾಗ್ಲೇ ಎರಡು ಸಲ ಕೇಳಾಯ್ತು ನಿಮ್ಮಪ್ಪ ಯಾವಾಗ ಬರ್ತಾರೆ ಅಂತ, ಹೊಸ ಸ್ಕೋರ್ ಪುಸ್ತಕ ಒಂದು ನಿಮಗೆ ಅಂತ ತೆಗೆದಿಟ್ಟಿದಾರೆ. ಬಿಪಿ ಮಾತ್ರೆ ತಪ್ಪಿಸ್ಬೇಡಿ ಅಪ್ಪಾಜಿ, ಬರುವಾಗ ಅಮ್ಮಂಗೆ ಹೇಳಿ ಹುಳಿಪುಡಿ ಸ್ವಲ್ಪ ಜಾಸ್ತೀನೇ ಕಟ್ಟಿಸ್ಕೊಂಡು ಬನ್ನಿ.

ಇಂತಿ ನಿಮ್ಮ ಪ್ರೀತಿಯ ಮಗಳು