ವದಂತಿಗೆ ಉತ್ತರ ಕೊಡಬೇಕಾದವರು ಯಾರು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ಇವರಿಗೆ

ಮಾನ್ಯರೇ,

ಹಾಸನ ಜಿಲ್ಲೆಯ ಹಳ್ಳಿಯೊಂದರ ಆಶಾ ಕಾರ್ಯಕರ್ತೆಯಾದ ನಾನು ಹೆಸರು ಹಾಕದೆ ಈ ಪತ್ರ ಬರೆಯುತ್ತಿದ್ದೇನೆ. ಹೆಸರು ಹಾಕಿದರೆ ಏನಾಗುತ್ತದೆ ಎಂಬುದು ತಮ್ಮ ಇಲಾಖೆಗೆ ತಿಳಿಯದ ವಿಷಯವಲ್ಲ.

2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ, ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮೋದನೆ ಕೊಟ್ಟದ್ದೂ ಕಾರಣವಿರಬಹುದು ಎಂಬ ಮಾತು ಸ್ವತಃ ಮುಖ್ಯಮಂತ್ರಿಗಳಿಂದಲೇ ಬಂತು. ಅದು ಸಂಜೆಯೊಳಗೆ ಊರಿನ ಮೊಬೈಲುಗಳಿಗೆಲ್ಲ ತಲುಪಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ, ತಮ್ಮದೇ ಸರ್ಕಾರದ ತಜ್ಞರ ಸಮಿತಿಯು ಲಸಿಕೆಗೂ ಈ ಸಾವುಗಳಿಗೂ ನೇರ ಸಂಬಂಧ ಕಂಡಿಲ್ಲವೆಂದು ಆಮೇಲೆ ಹೇಳಿತಲ್ಲ, ಅದು ಮಾತ್ರ ನಮ್ಮೂರಿಗೆ ಬರುವ ಮೊದಲೇ ಎಲ್ಲೋ ಬಸ್ಸಿಳಿದುಬಿಟ್ಟಿತು.

ಅಂದು ಹುಟ್ಟಿದ ಅನುಮಾನ ಈಗ ಎಳೆಯ ಮಕ್ಕಳ ಲಸಿಕೆಗೂ ಅಂಟಿಕೊಂಡಿದೆ. ಕಳೆದ ತಿಂಗಳ ಒಂದು ಗುರುವಾರ, ಅಂಗನವಾಡಿಯಲ್ಲಿ ಮೂರೂವರೆ ತಿಂಗಳ ಮಗುವಿಗೆ ಸಿಸ್ಟರ್ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೂರನೇ ಡೋಸ್ ಹಾಕುತ್ತಿದ್ದಾಗ, ಮಗುವಿನ ಸೋದರಮಾವ ಮೊಬೈಲ್ ಹಿಡಿದು ನನ್ನ ಮುಖವನ್ನೇ ಚಿತ್ರೀಕರಿಸಿದ. ರಾತ್ರಿ ಮಗುವಿಗೆ ಜ್ವರ ಬಂತು. ಬರಬಹುದೆಂದು ತಾಯಿಗೆ ಮೊದಲೇ ಹೇಳಿ ಪ್ಯಾರಾಸಿಟಮಾಲ್ ಕೊಟ್ಟಿದ್ದೆವು. ಮರುದಿನ ಮಗು ಆಡುತ್ತಿತ್ತು. ಆದರೆ ಅಷ್ಟರಲ್ಲಿ ‘ವಿಷದ ಸೂಜಿ’ ಎಂಬ ತಲೆಬರಹದೊಡನೆ ಆ ವಿಡಿಯೋ ಊರೂರು ಸುತ್ತಿತ್ತು. ‘ಹಾಸನದಲ್ಲಿ ಸತ್ತವರೆಲ್ಲ ಸೂಜಿ ಹಾಕಿಸಿಕೊಂಡವರೇ’ ಎಂದು ಒಬ್ಬ ಬರೆದರೆ, ‘ಇವಳಿಗೆ ಕಮಿಷನ್ ಎಷ್ಟು?’ ಎಂದು ಇನ್ನೊಬ್ಬ ಕೇಳಿದ್ದ. ಒಂದು ವರ್ಷದೊಳಗೆ ಮಗುವಿನ ಎಲ್ಲ ಲಸಿಕೆಗಳೂ ಪೂರ್ಣವಾದರೆ ನಮಗೆ ಸಿಗುವುದು 100 ರೂಪಾಯಿ. ಅದೂ ತಾವು ಬಿಡುಗಡೆ ಮಾಡಿದಾಗ. ಮುಂದಿನ ಗುರುವಾರ ತಾಯಿ ಕಾರ್ಡ್ ಹಿಡಿದು ಬರಬೇಕಿದ್ದವರಲ್ಲಿ ಅರ್ಧದಷ್ಟು ಜನ ಬರಲಿಲ್ಲ. ಬಂದದ್ದು ಮೇಲಧಿಕಾರಿಯ ನೋಟಿಸು: ನಿಮ್ಮ ವ್ಯಾಪ್ತಿಯಲ್ಲಿ ಪ್ರಗತಿ ಕುಂಠಿತವಾಗಿರುವುದೇಕೆ?

ಸ್ವಾಮಿ, ಈ ಪ್ರಶ್ನೆಯನ್ನು ನನ್ನನ್ನು ಕೇಳಬೇಕೇ? 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗಲೂ ವಾಟ್ಸ್‌ಆಪ್ ನಂಬಿ ಮಕ್ಕಳನ್ನು ಶಾಲೆಗೇ ಕಳುಹಿಸದ ಪೋಷಕರಿದ್ದರು. ಮನೆಮನೆ ತಿರುಗಿ ಒಪ್ಪಿಸಿದವರು ನಾವೇ. ಈಗಲೂ ಒಪ್ಪಿಸುತ್ತೇವೆ, ಆದರೆ ಕೈಯಲ್ಲಿ ಏನಾದರೂ ಇರಬೇಕಲ್ಲ! ಸಮಿತಿ ಹೇಳಿದ್ದನ್ನು ತಾವೇ ಎರಡು ನಿಮಿಷ ಕನ್ನಡದಲ್ಲಿ ಹೇಳಿ, ಆ ವಿಡಿಯೋವನ್ನು ನಮ್ಮ ಮೊಬೈಲಿಗೆ ಕಳುಹಿಸಿ. ಸುಳ್ಳು ಯಾವ ವೇಗದಲ್ಲಿ ಹರಡುತ್ತದೋ ಅದೇ ವೇಗದಲ್ಲಿ ಇಲಾಖೆಯ ಉತ್ತರವೂ ಬರಲಿ. ಲಸಿಕೆ ನಿರಾಕರಿಸುವ ಮನೆಗೆ ವೈದ್ಯಾಧಿಕಾರಿಯೇ ನಮ್ಮೊಡನೆ ಬರಲಿ. ಮತ್ತೆ ಹೇಳುತ್ತೇನೆ: ಉತ್ತರ ತಮ್ಮ ಬಾಯಿಂದಲೇ ಬರಬೇಕು, ಏಕೆಂದರೆ ಅನುಮಾನ ಬಿತ್ತಿದ ಮಾತೂ ವಿಧಾನಸೌಧದ ಕಡೆಯಿಂದಲೇ ಬಂದದ್ದು.

ಅದು ಸಾಧ್ಯವಿಲ್ಲ, ಕಾಮೆಂಟುಗಳಿಗೆ ಉತ್ತರಿಸುವುದೂ ಆಶಾ ಕಾರ್ಯಕರ್ತೆಯ ಕರ್ತವ್ಯ ಎನ್ನುವುದಾದರೆ ದಯವಿಟ್ಟು ಅದಕ್ಕೂ ಒಂದು ಆದೇಶ ಹೊರಡಿಸಿ. ಮುಂದಿನ ನೋಟಿಸಿಗೆ ಉತ್ತರ ಬರೆಯುವಾಗ ಲಗತ್ತಿಸುತ್ತೇನೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಆಶಾ ಕಾರ್ಯಕರ್ತೆ