ದ್ವಿತೀಯ ಪಿಯುಸಿ ನಾಟಕ ವಾಚನದ ಕುರಿತು

ಮಾನ್ಯ ಪೋಷಕರೇ,

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಮುಂದಿನ ತಿಂಗಳು ಓದಲಿರುವ ನಾಟಕದಲ್ಲಿ ಸ್ನಾನದ ದೃಶ್ಯಗಳೂ ಒರಟು ಮಾತುಗಳೂ ಇರುವುದರಿಂದ, ಮಕ್ಕಳ ಬಾಯಿಂದ ಅರ್ಧಂಬರ್ಧ ಕೇಳುವ ಮೊದಲೇ ತಮಗೆ ವಿಷಯ ತಿಳಿದಿರಲೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾಟಕದ ಹೆಸರು ‘ಕಾಸ್ಟ್ ಆಫ್ ಲಿವಿಂಗ್’. ಬರೆದವರು ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಳೆದ ಮಾರ್ಟಿನಾ ಮಾಯೋಕ್. ಅಮೆರಿಕದ ಹೆಸರಾಂತ ಪುಲಿಟ್ಜರ್ ಪ್ರಶಸ್ತಿಯನ್ನು 2018ರಲ್ಲಿ ನಾಟಕ ವಿಭಾಗದಲ್ಲಿ ಪಡೆದ ಕೃತಿಯಿದು. ಪಾತ್ರಗಳು ನಾಲ್ಕೇ: ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಶ್ರೀಮಂತ ಸಂಶೋಧನಾ ವಿದ್ಯಾರ್ಥಿ ಜಾನ್, ಪ್ರತಿಷ್ಠಿತ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದೂ ಬಾರುಗಳಲ್ಲಿ ದುಡಿಯುತ್ತ, ಅವನಿಗೆ ಕ್ಷೌರ ಮಾಡಿ ಮೀಯಿಸುವ ಕೆಲಸಕ್ಕೂ ಸೇರುವ ಜೆಸ್, ಅಪಘಾತದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಆನಿ, ಅವಳಿಂದ ಬೇರೆಯಾಗಿದ್ದ ಗಂಡನೂ ಕೆಲಸವಿಲ್ಲದ ಲಾರಿ ಚಾಲಕನೂ ಆದ ಎಡ್ಡಿ.

ಒಂದು ಶುಕ್ರವಾರ ರಾತ್ರಿ ಬರುವಂತೆ ಜಾನ್ ಹೇಳಿದಾಗ, ತನ್ನೊಡನೆ ಸಮಯ ಕಳೆಯಲು ಕರೆದನೆಂದು ನಂಬಿ ಜೆಸ್ ಸಿಂಗರಿಸಿಕೊಂಡು ಬರುತ್ತಾಳೆ. ಅವನಿಗೆ ಬೇಕಿದ್ದುದು, ಬೇರೊಬ್ಬಳನ್ನು ಭೇಟಿಯಾಗಲು ಹೊರಡುವ ಮುನ್ನ ತನಗೆ ಸ್ನಾನ ಮಾಡಿಸುವ ಕೆಲಸದಾಕೆ. ಅಂಗವಿಕಲರೆಂದರೆ ಕನಿಕರಕ್ಕಾಗಿಯೇ ಇರುವ ಪಾತ್ರಗಳೆಂದು ಸಿನಿಮಾಗಳಿಂದ ಕಲಿತ ನಮ್ಮ ಮಕ್ಕಳು, ಸಂಬಳ ಕೊಡುವ ಧಣಿಯೂ ಆಗಿ ಇನ್ನೊಬ್ಬರ ಮನಸ್ಸು ನೋಯಿಸಬಲ್ಲ ಜಾನ್‌ನ ಬಗ್ಗೆ ವಾದಿಸಬೇಕೆಂಬುದೇ ನನ್ನ ಉದ್ದೇಶ.

ಸ್ನಾನದ ದೃಶ್ಯಗಳಲ್ಲಿ ಅಶ್ಲೀಲವೆನ್ನುವಂಥದ್ದು ನನಗೆ ಕಾಣಲಿಲ್ಲ. ಟಬ್ಬಿನಲ್ಲಿರುವ ಆನಿಯ ತೋಳಿನ ಮೇಲೆ ಎಡ್ಡಿ ಪಿಯಾನೊ ನುಡಿಸುವಂತೆ ಬೆರಳಾಡಿಸುತ್ತಾನೆ. ಅವನು ತುಸು ಆಚೆ ಹೋದಾಗ ಅವಳು ನೀರಿನೊಳಕ್ಕೆ ಜಾರುತ್ತಾಳೆ. ಬೈಗುಳಗಳನ್ನು ಮಾತ್ರ ಗಟ್ಟಿಯಾಗಿ ಓದಿಸುವುದಿಲ್ಲ (ನಾಟಕಕಾರ್ತಿಗೆ ಇದು ಹಿಡಿಸಲಾರದು).

ವಾರ್ಷಿಕೋತ್ಸವಕ್ಕೆ ಇದನ್ನೇ ಆಡುತ್ತೇವೆಂದು ಮಕ್ಕಳು ಕೇಳಿದ್ದಾರೆ, ನಾನು ಒಪ್ಪಿಲ್ಲ. ಜಾನ್ ಮತ್ತು ಆನಿಯ ಪಾತ್ರಗಳನ್ನು ಅಂಗವೈಕಲ್ಯವುಳ್ಳ ನಟರೇ ಮಾಡಬೇಕೆಂಬುದು ಮಾಯೋಕ್ ಅವರ ಸೂಚನೆ. 2022ರಲ್ಲಿ ನ್ಯೂಯಾರ್ಕಿನ ಪ್ರಮುಖ ರಂಗಮಂದಿರಗಳ ನೆಲೆಯಾದ ಬ್ರಾಡ್‌ವೇಯಲ್ಲಿ ಆಡಿದಾಗಲೂ ಗ್ರೆಗ್ ಮೊಜ್ಗಾಲಾ ಮತ್ತು ಕೇಟಿ ಸಲಿವನ್ ಆ ಪಾತ್ರಗಳಲ್ಲಿದ್ದರು. ನಡೆದಾಡಬಲ್ಲ ಹುಡುಗನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಚಪ್ಪಾಳೆ ಗಿಟ್ಟಿಸುವುದು ನನಗೂ ಸರಿಕಾಣದು.

ತಮ್ಮಲ್ಲಿ ಯಾರಾದರೂ ಮನೆಗಳಲ್ಲೋ ಆಸ್ಪತ್ರೆಗಳಲ್ಲೋ ರೋಗಿಗಳನ್ನು, ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರೆ, ಹಾಸಿಗೆ ಹಿಡಿದವರನ್ನು ಎತ್ತುವ, ಮಗ್ಗುಲು ಬದಲಿಸುವ ಬಗೆಯನ್ನೂ ಆ ಕೆಲಸಕ್ಕೆ ಸಿಗುವ ಕೂಲಿಯ ಸಂಗತಿಯನ್ನೂ ತರಗತಿಗೆ ಬಂದು ಹೇಳಬೇಕೆಂದು ಕೋರುತ್ತೇನೆ. ಒಪ್ಪಿದವರನ್ನು ಮಾತ್ರ ಕರೆಯುತ್ತೇವೆ. ಯಾವ ಮಗುವಿನ ಮನೆಯ ವಿಷಯವನ್ನೂ ನಾವಾಗಿ ಎತ್ತುವುದಿಲ್ಲ.

ಆಕ್ಷೇಪವಿದ್ದರೆ ಈ ವಾರದೊಳಗೆ ತರಗತಿ ಶಿಕ್ಷಕರಿಗೆ ಬರೆದು ತಿಳಿಸಿ. ಅಂಥ ವಿದ್ಯಾರ್ಥಿಗಳಿಗೆ ಬೇರೊಂದು ನಾಟಕ ಕೊಡಲಾಗುವುದು, ಅಂಕಗಳಿಗೆ ಬಾಧಕವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಪ್ರಾಂಶುಪಾಲರು